ಬೀಗರನ್ನು ಬೈಯುವುದು ಹೇಗೆ

ಸಿರಿಮಾನ್ ತ್ರಾವೊರೆಯ ಬಾಯಿ ಸುಮ್ಮನಿರುವುದಿಲ್ಲ. ಅವತ್ತೊಂದು ದಿನವಾದರೂ ಸುಮ್ಮನಿರಬೇಕಿತ್ತು. ಸಂಜೆ ಮಗಳು ಕಾಂಕುವಿಗಾಗಿ ಗಂಡಿನ ಕಡೆಯವರು ಕೋಲ ಕಾಯಿ ತರುವವರಿದ್ದರು. ಅದು ಕೈಗೆ ಬಿದ್ದರೆ ಮದುವೆ ಗೊತ್ತಾದ ಹಾಗೆ. "ಇವತ್ತು ಮನೇಲಿ ಬಿದ್ದಿರಿ," ಎಂದು ಹೆಂಡತಿ ಸಾರಾನ್ ಗದರಿಸಿದ್ದಳು. ಆದರೆ ಬೆಳಿಗ್ಗೆಯೇ ಅವನ ಸೈಕಲ್ ಅಂಗಡಿಯ ಮುಂದಿನ ಬೇವಿನ ಮರದಡಿ ಚಹಾ ಕುದಿಯುತ್ತಿತ್ತು, ವಾದವೂ ಶುರುವಾಗಿತ್ತು.

"ಎಲ್ಲಾ ದೇವರೇ ಬರೆದಿಟ್ಟಿದ್ದಾನೆ ಅಂದ್ಮೇಲೆ ಕಳ್ಳನ್ನ ಯಾಕೆ ಹೊಡೀಬೇಕು?" ಎಂದು ದರ್ಜಿ ಬಜೂಗು ಕೇಳಿದ್ದ. ಸೆಗು ಊರಿನ ನಮ್ಮ ಓಣಿಯಲ್ಲಿ ಇಂಥ ಪ್ರಶ್ನೆ ಬಿದ್ದರೆ ಮೂರು ಸುತ್ತು ಚಹಾ ಮುಗಿದರೂ ಯಾರೂ ಏಳುವುದಿಲ್ಲ.

"ಹೊಡೆಯೋದೂ ಬರೆದದ್ದೇ ತಾನೇ?" ಎಂದ ಬೆಂಚಿನ ತುದಿಯಲ್ಲಿದ್ದ ಅಪರಿಚಿತ ಮುದುಕ. ಆಗಷ್ಟೇ ಬಸ್ಸಿಳಿದು ಬಂದವನು, ಮಡಿಲಲ್ಲಿ ಚೀಲ.

ಸಿರಿಮಾನ್‌ನ ಕುತೂಹಲ ಕೆರಳಿತು. "ಹಾಗಾದ್ರೆ ಯಾರದ್ದೂ ತಪ್ಪೇ ಇಲ್ವಾ? ಈಗ ನಾನು ನಿಮ್ಮ ಚಹಾ ಚೆಲ್ಲಿದ್ರೆ?"

"ಪಾಪ, ಚೆಲ್ಲು ಅಂತ ಬರೆದಿತ್ತು ಅಂದ್ಕೋತೀನಿ. ಆಮೇಲೆ ನಿನ್ನ ಲೋಟ ಎತ್ಕೊಂಡು ಕುಡೀತೀನಿ. ಅದೂ ಬರೆದಿತ್ತು."

ಎಲ್ಲರೂ ಗೊಳ್ಳೆಂದು ನಕ್ಕರು. ಸಿರಿಮಾನ್‌ಗೆ ಮೈ ಉರಿಯಿತು. "ನಿಮ್ಮ ಮನೆತನ ಯಾವುದು, ಯಜಮಾನ್ರೇ?"

"ಜಾರಾ."

ಇನ್ನು ಸಿರಿಮಾನ್‌ನನ್ನು ಹಿಡಿಯುವವರುಂಟೇ! ತ್ರಾವೊರೆಗಳಿಗೂ ಜಾರಾಗಳಿಗೂ ಮುತ್ತಜ್ಜಂದಿರ ಕಾಲದಿಂದ ಬೈಗುಳದ ನೆಂಟಸ್ತಿಕೆ. ಇವರು ಅವರನ್ನು ಗುಲಾಮ, ಅಲಸಂದೆ ತಿನ್ನುವವ ಅನ್ನಬೇಕು, ಅವರು ಇವರನ್ನು. ಸಿಟ್ಟು ಮಾತ್ರ ಮಾಡಿಕೊಳ್ಳುವಂತಿಲ್ಲ.

"ಜಾರಾನಾ! ಅದಕ್ಕೇ ತಲೇಲಿ ಅಲಸಂದೆ ಬಿಟ್ಟು ಬೇರೇನಿಲ್ಲ. ಲೋ ಗುಲಾಮ, ಅರ್ಧ ಬುಟ್ಟಿ ಅಲಸಂದೆ ಕೊಟ್ಟು ನಮ್ಮಜ್ಜ ನಿನ್ನ ಕೊಂಡ್ಕೊಂಡ. ಆ ಅಲಸಂದೇನೂ ನೀನೇ ತಿಂದ್ಬಿಟ್ಟೆ!"

ಮುದುಕ ಬಿದ್ದು ಬಿದ್ದು ನಕ್ಕ, ಅಷ್ಟೇ ಸೊಗಸಾಗಿ ತಿರುಗಿ ಬೈದ, ಚೀಲ ಎತ್ತಿಕೊಂಡು ಹೋದ.

ಮಾಂಸದಂಗಡಿಯ ನ್ಯಾಂಕೊರೊ ಆಗ ಬಾಯಿ ಬಿಟ್ಟ. "ಅವ್ರು ಸೂಂಗಾಲೊ ಜಾರಾ. ನಿನ್ನ ಅಳಿಯ ಆಗೋನ ದೊಡ್ಡಪ್ಪ. ಚೀಲದಲ್ಲಿದ್ದದ್ದು ಕೋಲ ಕಾಯಿ."

ಗಂಡಿನ ಕಡೆಯವರೂ ಜಾರಾಗಳೇ, ಆದರೆ ಊರ ತುಂಬ ಜಾರಾಗಳಿರುವಾಗ ಸಿರಿಮಾನ್‌ಗೆ ಅದು ಹೊಳೆದೇ ಇರಲಿಲ್ಲ. ಬೀಗರ ಮುಂದೆ ನಮ್ಮಲ್ಲಿ ದನಿ ಎತ್ತುವುದೂ ಅಮರ್ಯಾದೆ. "ಮೊದ್ಲೇ ಹೇಳೋಕೆ ಏನಾಗಿತ್ತೋ ನಿಂಗೆ?"

"ವಾದ ಚೆನ್ನಾಗಿತ್ತಲ್ಲ, ಮಧ್ಯೆ ಬಾಯಿ ಹಾಕೋದು ಯಾಕೆ ಅಂತ."

ಅಷ್ಟರಲ್ಲಿ ಹೊಸ ವಾದ ಹುಟ್ಟಿತ್ತು: ಬೀಗ ದೊಡ್ಡವನೋ, ಬೈಗುಳದ ನೆಂಟ ದೊಡ್ಡವನೋ? ನೆಂಟಸ್ತಿಕೆಯೇ ಹಳೆಯದು ಎಂದ ಬಜೂಗು. "ಕೋಲ ಕಾಯಿ ಕೈಗೆ ಬರೋ ದಿನ ಬೀಗನೇ ದೊಡ್ಡೋನು. ತೆಪ್ಪಗೆ ಹೋಗಿ ಕಾಲು ಹಿಡಿ," ಎಂದ ನ್ಯಾಂಕೊರೊ. ಕಾಂಕು ಎರಡು ವರ್ಷದಿಂದ ಆ ಹುಡುಗನೇ ಬೇಕೆಂದು ಕೂತಿದ್ದಳು. ಸಿರಿಮಾನ್ ಕಾಲು ಹಿಡಿಯುವುದೆಂದೇ ನಿಶ್ಚಯಿಸಿದ.

ಸಂಜೆಯ ನಮಾಜು ಮುಗಿಸಿ ಸೂಂಗಾಲೊ ಮನೆಗೆ ಬಂದ. ಸಿರಿಮಾನ್ ಮಂಡಿಯೂರಿದ. "ಬೆಳಿಗ್ಗೆ ತಪ್ಪು ಮಾತಾಡ್ಬಿಟ್ಟೆ. ದೊಡ್ಡವ್ರು, ಕ್ಷಮಿಸ್ಬೇಕು."

ಮುದುಕನ ನಗು ಮಾಯವಾಯಿತು. ಹೊರತೆಗೆದ ಹತ್ತು ಕೋಲ ಕಾಯಿಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

"ಕ್ಷಮೆನಾ? ಕ್ಷಮೆ ಕೇಳೋಕೆ ನಾನೇನು ಹೊರಗಿನವನಾ? ಬೆಳಿಗ್ಗೆ ನೀನು ಬೈದದ್ದು ಕೇಳಿ, ಈ ಮನೆ ಹೆಣ್ಣನ್ನ ಕಣ್ಮುಚ್ಕೊಂಡು ತರಬಹುದು ಅಂದ್ಕೊಂಡೆ. ಈಗ ಮುತ್ತಜ್ಜಂದಿರ ನಂಟನ್ನೇ ಕಡಿದು ಹಾಕಿದ್ಯಲ್ಲೋ!"

ಒಳಗೆ ಕಾಂಕು ಬಿಕ್ಕಿದಳು. ಸಾರಾನ್ ಗಂಡನ ಪಕ್ಕೆಗೆ ತಿವಿದಳು. "ಬೈರೀ! ಬೇಗ ಬೈರಿ!"

ಸಿರಿಮಾನ್ ಬಾಯಿ ತೆರೆದ. ಹುಟ್ಟಿದಂದಿನಿಂದ ಸುಮ್ಮನಿರದ ಬಾಯಿ ಅವತ್ತು ಒಣಗಿಹೋಗಿತ್ತು.

"ತಾವು... ಅಲಸಂದೆ... ಸ್ವಲ್ಪ ಜಾಸ್ತಿ ಸೇವಿಸ್ತೀರಿ."

ಬಾಗಿಲಲ್ಲಿ ಮುಗಿಬಿದ್ದಿದ್ದ ಓಣಿಯವರು ಹಣೆ ಚಚ್ಚಿಕೊಂಡರು. "ಗುಲಾಮ ಅನ್ನೋ!"

"ತಾವು ನಮ್ಮ ಗುಲಾಮರು, ದಯವಿಟ್ಟು!"

ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕ. ಹತ್ತೂ ಕೋಲ ಕಾಯಿಗಳನ್ನು ಸಿರಿಮಾನ್‌ನ ಮಡಿಲಿಗೆ ಸುರಿದ. ಮದುವೆ ಗೊತ್ತಾಯಿತು. ಸಿರಿಮಾನ್‌ಗೆ ಸಂತೋಷದಿಂದ ಕಣ್ಣು ತುಂಬಿ ಬಂತು.

"ನಾನು ಇವನ ಗುಲಾಮ ಅಂತ ಇವನೇ ಬಾಯ್ಬಿಟ್ಟು ಹೇಳಿದ. ಎಲ್ಲಾರೂ ಕೇಳಿಸ್ಕೊಂಡ್ರಲ್ಲ?" ಎಂದು ಸೂಂಗಾಲೊ ಬಾಗಿಲ ಕಡೆ ತಿರುಗಿದ.

"ಕೇಳಿಸ್ಕೊಂಡ್ವಿ!" ಎಂದಿತು ಓಣಿಗೆ ಓಣಿಯೇ.

"ಗುಲಾಮನಿಗೆ ಅನ್ನ ಹಾಕೋದು ಯಜಮಾನನ ಧರ್ಮ. ಮದ್ವೆಗೆ ಇನ್ನೂ ಐದು ತಿಂಗಳಿದೆ." ಮುದುಕ ಚಪ್ಪಲಿ ಬಿಟ್ಟು ಒಳಗೆ ನಡೆದ. "ನಿನ್ನ ಮಂಚ ಯಾವ ಕೋಣೇಲಿದೆಯೋ?"