ಬೆಳ್ಳಕ್ಕಿ ದಿಬ್ಬದ ವಾಚರ್

ತಮಿಳುನಾಡಿನ ಮೇಚೇರಿ ಪಕ್ಕ ನಮ್ಮೂರ ಸರ್ಕಾರಿ ಕೆರೆಯ ನಡುವೆ ಒಂದು ದಿಬ್ಬ ಐತೆ. ಅದರ ಜಾಲಿಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಅವನ್ನ ಕಾಯೋ ಟೆಂಪರರಿ ವಾಚರ್ ನಾನು. ಈ ಸಲ ಮರಿಗಳು ಉಳಿದರೆ ಕೆಲಸ ಇರುತ್ತೆ, ಹಕ್ಕಿ ಗೂಡು ಬಿಟ್ಟು ಹೋದರೆ ನೀನೂ ಮನೆಗೆ ಹೋಗು ಅಂತ ಫಾರೆಸ್ಟ್ ಆಫೀಸಿಂದ ಹೇಳಿ ಕಳಿಸಿದ್ದರು. ಹಕ್ಕಿಗಳಿಂದ ನನಗೆ ಒಂದು ದಿನವೂ ತಲೆನೋವಿಲ್ಲ. ತಲೆನೋವೆಲ್ಲ ಮನುಷ್ಯರಿಂದ, ಅದೂ ದಿನಕ್ಕೊಂದು.

೧. ಮೇಲೆ, ಕೆಳಗೆ

ಬೇಸಿಗೇಲಿ ನೀರು ಇಳಿದರೆ ದಿಬ್ಬಕ್ಕೆ ನಡೆದೇ ಹೋಗಬಹುದು. ಮೊದಲು ಹೋದದ್ದು ಪಕ್ಕದ ಮನೆ ತಾತ, ತನ್ನ ಆಡುಗಳನ್ನ ಹೊಡ್ಕೊಂಡು. ಜಾಲಿಕಾಯಿ ಉದುರಲಿ ಅಂತ ದೋಟಿ ಹಿಡಿದು ಕೊಂಬೆ ಅಲ್ಲಾಡಿಸ್ತಾ ನಿಂತಿದ್ದ. ಗೂಡು ಬೀಳ್ತಾವೆ, ದಮ್ಮಯ್ಯ ಅಂತೀನಿ, ಆಚೆ ಹೋಗು ಅಂತ ಬೇಡಿಕೊಂಡೆ. ತಾತ ದೋಟಿ ಇಳಿಸಿದ.

"ಹಕ್ಕಿ ಮೇಲೈತೆ, ಆಡು ಕೆಳಗೈತೆ. ಅವೆರಡಕ್ಕೂ ಜಗಳ ಇಲ್ಲ. ನಡುವೆ ನಿಂದೇನ್ಲಾ?"

೨. ಬೋರ್ಡು

ಒಳಗೆ ಬರಬಾರದು ಅಂತ ತಮಿಳಲ್ಲಿ ಬರೆಸಿ ಒಂದು ಬೋರ್ಡು ನೆಟ್ಟೆ. ಮಾರನೇ ದಿನ ಬೋರ್ಡು ಮಾಯ. ಹುಡುಕಿ ಹುಡುಕಿ ಸಾಕಾಯ್ತು. ಕೊನೆಗೆ ಸಿಕ್ಕಿದ್ದು ಅದೇ ತಾತನ ಆಡಿನ ಕೊಟ್ಟಿಗೇಲಿ, ಬಾಗಿಲಾಗಿ. ಇದು ಸರ್ಕಾರದ್ದು ಅಂತ ರೇಗಿದೆ. ತಾತ ಬೋರ್ಡು ಸವರುತ್ತಾ, ಇದನ್ನ ಕಟ್ಟಿದ ಮೇಲೆ ಒಂದು ನಾಯೀನೂ ಒಳಗೆ ಬಂದಿಲ್ಲ, ನಿನ್ನ ದಿಬ್ಬದಲ್ಲಿ ಇದರ ಮಾತು ಯಾರು ಕೇಳಿದ್ರು ಹೇಳು ಅಂದ.

೩. ದೃಷ್ಟಿ

ತಾತನಾದರೂ ಪಕ್ಕದ ಮನೆಯವ. ನಮ್ಮ ಅವ್ವನಿಗೆ ಏನು ಹೇಳಲಿ?

ಸೇಲಂನಿಂದ ಕ್ಯಾಮೆರಾದವರು ಬಂದು ಕೆರೆ ಏರಿ ಮೇಲೆ ಸಾಲಾಗಿ ನಿಂತು, ಅಬ್ಬಾ ಎಷ್ಟೊಂದು ಮರಿ ಅಂತ ಬಾಯಿ ಬಿಟ್ಟರು. ಅವ್ವ ಗಾಬರಿಯಾದಳು. ಅಷ್ಟು ಜನದ ಕಣ್ಣು ಬಿದ್ದರೆ ಮರಿ ಉಳಿಯೋದುಂಟಾ, ಮಗನ ಕೆಲಸ ಉಳಿಯೋದುಂಟಾ ಅಂತ. ನಾನು ಸಂತೆಗೆ ಹೋದ ಹೊತ್ತು ನೋಡಿಕೊಂಡು, ಹೊಸಮನೆಗೆ ಕಟ್ಟೋ ಹಾಗೆ ಹುಲ್ಲಿನ ದೃಷ್ಟಿಬೊಂಬೆ ಮಾಡಿ, ಮಡಿಕೆ ತಲೆಗೆ ಮೀಸೆ ಬರೆದು, ನನ್ನ ಖಾಕಿ ಅಂಗಿ ತೊಡಿಸಿ, ಗೂಡುಗಳ ನಡುವೆ ನೆಟ್ಟು ಬಂದಿದ್ದಳು.

ನಾನು ಬಂದಾಗ ಹಕ್ಕಿಗಳೆಲ್ಲ ಮೇಲೆದ್ದು ಸುತ್ತುತ್ತಿದ್ದವು. ಮರಿಗಳು ಬಿಸಿಲಲ್ಲಿ. ಬೊಂಬೆ ಕೀಳೋಣ ಅಂತ ಹೋದರೆ ನನ್ನ ಕಂಡು ಇನ್ನೂ ಗಲಾಟೆ ಮಾಡಿದವು. ವಾಪಸ್ ಬಂದು ಏರಿ ಮೇಲೆ ನಿಂತು ಅವ್ವನ್ನ ಬೈದೆ. ಅವ್ವ ಕ್ಯಾಮೆರಾದವರನ್ನ ಬೈದಳು. ಅಷ್ಟರಲ್ಲಿ ಹಕ್ಕಿಗಳು ಒಂದೊಂದಾಗಿ ಗೂಡಿಗೆ ಇಳಿದವು. ಒಂದು ಬೆಳ್ಳಕ್ಕಿಯಂತೂ ಮಡಿಕೆ ಮೇಲೇ ಕೂತಿತು.

ಆಗಲೇ ಜೀಪು ಬರಬೇಕಾ! ಹೊಸದಾಗಿ ಬಂದಿದ್ದ ಆಫೀಸರ್, ನನ್ನ ಮುಖ ಕಂಡವರಲ್ಲ. ಬೈನಾಕ್ಯುಲರ್ ಹಿಡಿದು ಬಹಳ ಹೊತ್ತು ದಿಬ್ಬ ನೋಡಿದರು. ಆಮೇಲೆ ಲುಂಗಿ ಉಟ್ಟು ನಿಂತಿದ್ದ ನನ್ನ ಕಡೆ ತಿರುಗಿ ತಮಿಳಲ್ಲಿ ಗದರಿದರು. ಇಲ್ಲಿ ನಿಂತು ಯಾಕೆ ಕಿರಿಚ್ತೀಯ, ಆ ವಾಚರ್‌ನ ನೋಡಿ ಕಲಿ, ಹಕ್ಕಿ ತಲೆ ಮೇಲೆ ಕೂತರೂ ಅಲ್ಲಾಡ್ತಿಲ್ಲ, ಅಂಥವನನ್ನ ನಾನು ಬಿಡಲ್ಲ, ಈ ಕೆಲಸ ಅವನಿಗೇ ಅಂತ.

ನಾನು ಬಾಯಿ ತೆರೆಯೋ ಮುಂಚೆ ಅವ್ವ ಕೈ ಮುಗಿದಳು.

"ಅವ ನನ್ನ ಮಗನೇ ಸಾಮಿ."

ಹಾಗಾದರೆ ಇವನು ಯಾರು ಅಂತ ಕೇಳಿದರು. ಅವ್ವ ನನ್ನ ಮೇಲಿಂದ ಕೆಳಗೆ ನೋಡಿದಳು.

"ಯಾರೋ ಗೊತ್ತಿಲ್ಲ. ಆಗಲಿಂದ ನನ್ನ ಮಗನ ಕೆಲಸ ಕೆಡಿಸ್ತಾ ಅವನೆ."