ಕಟ್ಟೆ ಹತ್ತಲೊಪ್ಪದ ಮಳೆನೀರಿಗೆ

ಮಾನ್ಯ ಮಳೆನೀರಿನವರೇ,

ಮೋಡದಿಂದಿಳಿದು, ಮೂರು ಬೀದಿಗಳ ಡಾಂಬರು ತೊಳೆದು, ದಣಿದು ಬರುವ ತಮಗೆ ಬೀದಿಯ ಕೊನೆಯ ಬುಕ್ ಬೈಂಡಿಂಗ್ ಅಂಗಡಿಯವನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕಳೆದ ವಾರವಷ್ಟೇ ನನ್ನ ಅಂಗಡಿಯಲ್ಲಿ ಮೊಣಕಾಲುದ್ದ ನಿಂತು ತಾವೇ ತಿಳಿಸಿ ಹೋಗಿದ್ದೀರಿ.

ನನ್ನ ದೂರು ಇಷ್ಟೇ. ತಮಗೆಂದೇ ನಗರಪಾಲಿಕೆಯವರು ನಮ್ಮೆದುರಿಗೆ ಮಳೆತೋಟವೊಂದನ್ನು ಮಾಡಿಸಿದ್ದಾರೆ. ರಸ್ತೆಯ ನೀರು ಅದರೊಳಗಿಳಿದು, ಮರಳು ಜಲ್ಲಿಯಲ್ಲಿ ಸೋಸಿ, ಕೊಳೆಯನ್ನು ಗಿಡದ ಬೇರಿಗೊಪ್ಪಿಸಿ, ನೆಲದಲ್ಲಿ ಇಂಗತಕ್ಕದ್ದೆಂದು ಬಣ್ಣದ ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಹೀಗಿದ್ದೂ ತಾವು ತೋಟದತ್ತ ಕಣ್ಣೆತ್ತಿಯೂ ನೋಡದೆ, ಅದರ ಪಕ್ಕದಲ್ಲೇ ಹಾದು, ನೇರ ನನ್ನ ಅಂಗಡಿಯ ನಾಲ್ಕು ಮೆಟ್ಟಿಲಿಳಿಯುವುದು ಯಾವ ಮರ್ಯಾದೆ? ತೋಟ ರಸ್ತೆಗಿಂತ ಒಂದೂವರೆ ಅಡಿ ಎತ್ತರದಲ್ಲಿದೆ, ಸುತ್ತಲಿನ ಕಟ್ಟೆಯಲ್ಲಿ ಒಂದು ಕಂಡಿಯೂ ಇಲ್ಲ ಎಂದು ತಾವು ನೆಪ ಹೇಳಬಹುದು. ಅದೇ ಕಟ್ಟೆಯನ್ನು ಇಂಜಿನಿಯರ್ ಸಾಹೇಬರು ಒಂದೇ ನೆಗೆತಕ್ಕೆ ಹತ್ತಿ ಫೋಟೊ ತೆಗೆಸಿಕೊಂಡರಲ್ಲ, ತಮಗೇನು ಧಾಡಿ?

ತಾವು ಕೈಕೊಟ್ಟ ಕಾರಣ ಗಿಡಗಳು ಒಣಗಬಾರದೆಂದು ಪ್ರತಿ ಮಂಗಳವಾರ ಟ್ಯಾಂಕರ್ ಬರುತ್ತದೆ. ಕಳೆದ ಮಂಗಳವಾರ ತಾವು ಧಾರಾಕಾರವಾಗಿ ಸುರಿಯುತ್ತಿದ್ದಾಗಲೂ ಕರ್ತವ್ಯನಿಷ್ಠ ಚಾಲಕರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೈಪು ಹಿಡಿದು ಗಿಡಗಳಿಗೆ ನೀರುಣಿಸಿದರು. ತುಂಬಿ ಚೆಲ್ಲಿದ ಆ ನೀರೂ ತಮ್ಮ ಸಹವಾಸಕ್ಕೆ ಬಿದ್ದು ನನ್ನಲ್ಲಿಗೇ ಬಂತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಅಕ್ಕ ಇದ್ದಾಳೆ. ಮೂವತ್ತು ವರ್ಷ ಉದ್ಯಾನಗಳಲ್ಲಿ ಮಾಲಿಯಾಗಿದ್ದವಳು, ಈಗ ಗಾಲಿಕುರ್ಚಿ ಬಿಟ್ಟು ಏಳಲಾರಳು. ತೋಟ ಕಟ್ಟುವಾಗಲೇ ಬಾಗಿಲಿನಿಂದ, "ನೀರು ಬರ್ಬೇಕಾದ್ರೆ ಹಳ್ಳ ತೋಡ್ರಪ್ಪಾ, ದಿಬ್ಬ ಕಟ್ಬೇಡಿ" ಎಂದು ಕೂಗಿದ್ದಳು. ಮೇಸ್ತ್ರಿ ನಕ್ಷೆ ತೋರಿಸಿ ನಕ್ಕಿದ್ದ. ಆ ಮಂಗಳವಾರ ನಾನು ಕಾಗದ ತರಲು ಹೋಗಿದ್ದೆ. ಬಂದು ನೋಡಿದರೆ ತಾವು ಅವಳ ಕುರ್ಚಿಯ ಸೀಟು ಮುಟ್ಟಿದ್ದಿರಿ. ಅವಳು ಗಿರಾಕಿಗಳ ಪುಸ್ತಕಗಳನ್ನು ತೊಡೆಯ ಮೇಲೆ ಗದ್ದದವರೆಗೆ ಪೇರಿಸಿಕೊಂಡು ಅಲ್ಲಾಡದೆ ಕೂತಿದ್ದಳು. ನನಗೆ ಅಳು ಬಂತು. ಅವಳು ಉಳಿ ಸುತ್ತಿಗೆ ಎಲ್ಲಿದೆ ಎಂದು ಕೇಳಿದಳು.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಇನ್ನು ಮುಂದೆ ನಕ್ಷೆ ಓದಿಕೊಂಡು ಬನ್ನಿ, ಮೇಲ್ಮುಖವಾಗಿ ಹರಿಯುವುದನ್ನು ರೂಢಿಸಿಕೊಳ್ಳಿ, ಅದೂ ಆಗದಿದ್ದರೆ ಕಟ್ಟೆಯ ಬಳಿ ಸಾಲಾಗಿ ನಿಂತು ಮಂಗಳವಾರದ ಟ್ಯಾಂಕರ್ ಹತ್ತಿ, ಅದು ತಮ್ಮನ್ನು ಗೌರವದಿಂದ ಮೇಲೆ ತಲುಪಿಸುತ್ತದೆ.

ತಮ್ಮ ವಿಶ್ವಾಸಿ,
ಹಾಗೂ ತಮ್ಮನ್ನು ಬಕೆಟಿನಲ್ಲಿ ಹೊತ್ತು ಸೊಂಟ ಕಳೆದುಕೊಂಡವ,
ಬೈಂಡಿಂಗ್ ಅಂಗಡಿಯವ

ತಾ.ಕ.: ಮೊನ್ನೆ ಅಕ್ಕ ಬೆರಳು ತೋರಿಸಿದಲ್ಲಿ ನಾನು ಕಟ್ಟೆಗೆ ಎರಡು ಇಟ್ಟಿಗೆಯಗಲದ ಕಂಡಿ ಕೊರೆದು, ಒಳಗಿನ ಮಣ್ಣು ತೋಡಿದೆ. ಸಂಜೆ ತಾವು ಮರುಮಾತಿಲ್ಲದೆ ಒಳಗೆ ಹೋದಿರಿ. ಅಂಗಡಿಯ ನೆಲ ಒಣಗಿಯೇ ಇತ್ತು. ಎಂಟು ತಿಂಗಳಿಂದ ನನ್ನ ಹನ್ನೊಂದು ಅರ್ಜಿಗಳಿಗೆ ಉತ್ತರಿಸಲು ಪುರುಸೊತ್ತಿಲ್ಲದ ಪಾಲಿಕೆಯವರು ಮರುದಿನ ಬೆಳಿಗ್ಗೆಯೇ ನಾಲ್ವರನ್ನು ಕಳಿಸಿ, ಹಳ್ಳ ಮುಚ್ಚಿಸಿ, ಕಂಡಿಗೆ ಸಿಮೆಂಟು ಮೆತ್ತಿಸಿ, ನನ್ನ ಬಾಗಿಲಿಗೆ ನೋಟಿಸು ಅಂಟಿಸಿ ಹೋದರು. ಸಿಮೆಂಟು ಗಟ್ಟಿಯಾಗಲು ಇನ್ನೂ ಎರಡು ದಿನ ಬೇಕಂತೆ. ಉಳಿ ಅಕ್ಕನ ಮಡಿಲಲ್ಲೇ ಇದೆ. ತಾವು ನಾಳೆಯೇ ಬಂದರೆ ಒಳ್ಳೆಯದು.