ಬಾವೀಲಿ ಹುಲಿ, ಲೈಬ್ರರೀಲಿ ಅಧ್ಯಕ್ಷರು

ಲೈಬ್ರರಿ ಅಂದ್ರೆ ಸದ್ದೇ ಇಲ್ಲದ ಜಾಗ ಅಂತಾರೆ. ನಮ್ಮ ಸ್ಕೂಲ್ ಲೈಬ್ರರೀಲೂ ಸದ್ದಿಲ್ಲ, ನಿಜ. ಆದ್ರೆ ತಿಂಗಳಿಗೊಂದು ಎಡವಟ್ಟು ಸದ್ದಿಲ್ಲದೇನೇ ಆಗ್ತಾ ಇರುತ್ತೆ. ನಾನು ಪಟ್ಟಂದೂರು ಅಗ್ರಹಾರದ ಕಡೆ ಒಂದು ಸರ್ಕಾರಿ ಪ್ರೈಮರಿ ಸ್ಕೂಲಲ್ಲಿ ಗಣಿತದ ಮೇಷ್ಟ್ರು. ಲೈಬ್ರರಿ ಚಾರ್ಜೂ ನಂದೇ. ಯಾಕೆ ಅಂದ್ರೆ, ಚಾರ್ಜ್ ಹಂಚಿದ ದಿನ ನಾನು ರಜಾ ಹಾಕಿದ್ದೆ.

ಆರು ಕಾಟ್

ಮಳೆ ಬಂದ್ರೆ ಸೋರದೇ ಇರೋ ರೂಮು ನಮ್ಮ ಸ್ಕೂಲಲ್ಲಿ ಒಂದೇ, ಲೈಬ್ರರಿ. ಹಾಗಾಗಿ ಅದರ ಮೇಲೆ ಎಲ್ರಿಗೂ ಕಣ್ಣು. ಎಲ್ರಿಗಿಂತ ಜಾಸ್ತಿ ಕಣ್ಣು ಶಾಲಾ ಸಮಿತಿ ಅಧ್ಯಕ್ಷರದು. ಇವರು ಈ ಊರಿನವರೇ. ಹಿಂದೆ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಪಿಜಿ ಬೆಳೆದಿದ್ದಾರೆ. ಸಾಫ್ಟ್‌ವೇರ್ ಹುಡುಗರಿಗೆ ಪಿಜಿ, ಅದರ ಹಿಂದೆ ಕಟ್ಟಡದ ಕೆಲಸದವರಿಗೆ ಶೀಟ್ ರೂಮು. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಆ ಶೀಟ್ ರೂಮುಗಳವರೇ. ಸಮಿತಿ ಅಧ್ಯಕ್ಷರಾಗೋಕೆ ಸ್ವಂತ ಮಗು ಇದೇ ಸ್ಕೂಲಲ್ಲಿ ಓದಬೇಕು ಅಂತ ರೂಲ್ಸು. ಅದಕ್ಕೇ ಅವರ ಮಕ್ಕಳಲ್ಲಿ ಇಬ್ಬರು ಇಂಟರ್‌ನ್ಯಾಷನಲ್ ಸ್ಕೂಲಲ್ಲಿ, ಒಬ್ಬ ಮಾತ್ರ ನಮ್ಮಲ್ಲಿ. ಅವನು ಅಧ್ಯಕ್ಷಗಿರಿ ಕೋಟಾ.

ಒಂದಿನ ಲೈಬ್ರರಿ ಬಾಗಿಲಲ್ಲಿ ನಿಂತು ಗೋಡೆಯಿಂದ ಗೋಡೆಗೆ ಕಣ್ಣಲ್ಲೇ ಅಳೆದರು.

"ಮೇಷ್ಟ್ರೇ, ಆರಾಮಾಗ್ ಆರ್ ಕಾಟ್ ಇಡಿಸ್ತವೆ."

"ಸಾರ್, ಇದು ಲೈಬ್ರರಿ."

"ಲೆಕ್ಕಕ್ಕೆ ಯೋಳ್ದೆ ಕಣ್ರೀ. ಯಾವ್ ರೂಮ್ ನೋಡಿದ್ರೂ ನಂಗೆ ಅಂಗೇ ಕಾಣ್ತದೆ. ಇಲ್ ಯಾರೂ ಓದಾಕಿಲ್ಲ, ಬೀಗ ಆಕ್ಬುಟ್ಟಿದೀರ. ಸುಮ್ಕೆ ವೇಸ್ಟು. ಬ್ಯಾಸ್ಗೆ ರಜಾ ಬುಟ್ಟೇಟ್ಗೆ ಸಮಿತಿ ಆಪೀಸ್ ಮಾಡ್ಕಂತೀನಿ. ಬುಕ್ಗೊಳ್ನ ಮೂಟೆ ಕಟ್ಟಿ ಅಡ್ಗೆ ರೂಮ್ನಾಗಿಡಿ."

ನಾನು ಹೆಡ್ ಮೇಡಂ ಹತ್ರ ಓಡಿದೆ. "ಮೇಡಂ, ರೂಮ್ ಹೋಗುತ್ತೆ. ಅಡುಗೆ ರೂಮಲ್ಲಿಟ್ರೆ ಪುಸ್ತಕಾನೂ ಹೋಗುತ್ತೆ."

ಮೇಡಂ ನನ್ನ ಕಡೆ ಕರುಣೆಯಿಂದ ನೋಡಿದರು. "ಸಾರ್, ಇಂಗ್ಲಿಷಲ್ಲಿ ಕುಕ್‌ಬುಕ್ ಅಂತ ಇರುತ್ತಲ್ಲ. ಅಡ್ಜಸ್ಟ್ ಮಾಡ್ಕೊಳ್ಳಿ."

ಹೊಸದರ ಥರ

ಯಾರೂ ಓದಲ್ಲ ಅಂತ ಅಧ್ಯಕ್ಷರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಓದೋಕೆ ಬಿಟ್ರೆ ತಾನೇ? ಪುಸ್ತಕಗಳೆಲ್ಲ ಗಾಜಿನ ಬೀರುವಿನೊಳಗೆ. ಬೀರುವಿನ ಕೀ ಹೆಡ್ ಮೇಡಂ ವ್ಯಾನಿಟಿ ಬ್ಯಾಗಲ್ಲಿ. ಮಕ್ಕಳು ಲೈಬ್ರರಿ ಪೀರಿಯಡ್ಡಿಗೆ ಸಾಲಾಗಿ ಬಂದು, ಬೀರುವಿನ ಮುಂದೆ ಕೂತು, ಗಾಜಿನಾಚೆಯಿಂದ ಪುಸ್ತಕಗಳ ಬೆನ್ನ ಮೇಲಿನ ಹೆಸರುಗಳನ್ನ ಓದಿ, ಎದ್ದು ಹೋಗ್ತಿದ್ರು. ಮೀನು ನೋಡೋಕೆ ಬಂದವರ ಹಾಗೆ.

"ಒಂದಿನ ತೆಗೆಯೋಣ ಮೇಡಂ" ಅಂದೆ.

"ಕೈಗೆ ಕೊಟ್ರೆ ಓದಿಬಿಡ್ತಾರೆ ಸಾರ್. ಆಮೇಲೆ ಹಳೇದಾಗುತ್ತೆ."

ಒಂದ್ಸಲ ತಪಾಸಣೆಗೆ ಸಾಹೇಬ್ರು ಬಂದರು. ಬೀರು ತೆಗೆಸಿ ಒಂದು ಪುಸ್ತಕ ಎತ್ಕೊಂಡರು. ಪುಟ ಒಂದಕ್ಕೊಂದು ಅಂಟಿಕೊಂಡಿತ್ತು. ಬಿಡಿಸಿ ಮೂಸಿ ನೋಡಿದರು. "ಪ್ರೆಸ್ಸಿನ ವಾಸನೆ ಇನ್ನೂ ಇದೆಯಲ್ರೀ! ಎಷ್ಟ್ ಚೆನ್ನಾಗಿ ಮೇಂಟೇನ್ ಮಾಡಿದೀರ!"

ಮೇಡಂಗೆ ಶಾಲು ಹೊದಿಸಿದರು. ಆ ಶಾಲೂ ಈಗ ಅದೇ ಬೀರುವಿನಲ್ಲಿದೆ. ಅದನ್ನೂ ಯಾರೂ ಬಳಸಿಲ್ಲ.

ಹಿಮ

ಹತ್ತಿರದ ಟೆಕ್ ಪಾರ್ಕಿನ ಒಂದು ಕಂಪನಿಯವರಿಗೆ ನಮ್ಮ ಮೇಲೆ ಪ್ರೀತಿ ಹುಟ್ಟಿತು. ವರ್ಷದ ಕೊನೇಲಿ ಕಂಪನಿಗಳಿಗೆ ಅಂಥ ಪ್ರೀತಿ ಹುಟ್ಟುತ್ತೆ. "ಋತುವಿಗೊಂದು ಓದು" ಅಂತ ಕಾರ್ಯಕ್ರಮ. ನಾಲ್ಕು ಋತು, ನಾಲ್ಕು ಡಬ್ಬ ಪುಸ್ತಕ. ನಮ್ಮ ಏರಿಯಾದಲ್ಲಿರೋದು ಮೂರೇ ಕಾಲ: ರೋಡ್ ಮುಳುಗೋ ಕಾಲ, ಧೂಳಿನ ಕಾಲ, ಟ್ಯಾಂಕರ್ ಕಾಲ. ಅದನ್ನ ಅವರಿಗೆ ಯಾರೂ ಹೇಳಿರಲಿಲ್ಲ.

ಚಳಿಗಾಲದ ಡಬ್ಬಕ್ಕೆ ಅವರ ಆಫೀಸಲ್ಲಿ ಅಪ್ರೂವಲ್ ಸಿಗೋ ಹೊತ್ತಿಗೆ ಶಿವರಾತ್ರಿ ಕಳೆದಿತ್ತು. ಬಿಸಿಲಿಗೆ ಫ್ಯಾನೂ ಬಿಸಿಗಾಳಿ ಬಿಡ್ತಿತ್ತು. ಟೀ ಶರ್ಟ್ ಹಾಕ್ಕೊಂಡ ವಾಲಂಟಿಯರ್ ಹುಡುಗ ಒಬ್ಬ ಬೆವರು ಒರೆಸ್ಕೊಳ್ತಾ ಪುಸ್ತಕ ಬಿಡಿಸಿದ. ಪುಟದ ತುಂಬ ಬೆಳ್ಳಗೆ ಹಿಮ, ಅದರಲ್ಲಿ ಮಕ್ಕಳು ಉರುಳಾಡ್ತಿದಾರೆ.

"ಇದು ಏನು ಗೊತ್ತಾ ಮಕ್ಳೇ? ನೀವು ಯಾರೂ ನೋಡಿರಲ್ಲ."

ಹಿಂದಿನ ಸಾಲಿಂದ ಒಬ್ಬ ಎದ್ದ. "ನೋಡಿದೀನಿ ಅಣ್ಣ. ಬೆಳ್ಳಂದೂರಲ್ಲಿ ನಮ್ಮ ಮಾಮನ ಮನೆ ಹತ್ರ ಬರುತ್ತೆ. ಕೆರೆಯಿಂದ ಎದ್ದು ರೋಡಿಗೆ ಹಾರುತ್ತೆ."

"ಅದು ಕೆರೆಯ ಕೊಳಚೆ ನೊರೆ ಕಣೋ, ಇದು ಹಿಮ. ನೋಡು, ಹೇಗೆ ಆಟ ಆಡ್ತಿದಾರೆ!"

ಹುಡುಗ ಹತ್ತಿರ ಬಂದು ಚಿತ್ರವನ್ನ ದಿಟ್ಟಿಸಿ ನೋಡಿದ. ಆ ಮಕ್ಕಳ ಮೇಲೆ ಅವನಿಗೆ ನಿಜವಾಗ್ಲೂ ಮರುಕ ಬಂತು.

"ಪಾಪ. ರಾತ್ರಿ ತುರಿಸ್ಕೊಂಡ್ ತುರಿಸ್ಕೊಂಡ್ ಸಾಯ್ತಾವೆ."

ಎಲೆ

ಮುಂದಿನ ಶುಕ್ರವಾರ ಎಲೆ ಉದುರೋ ಕಾಲದ ಡಬ್ಬ. ಈ ಸಲ ಓದೋಕೆ ಬಂದಿದ್ದು ಒಬ್ಬ ವಾಲಂಟಿಯರ್ ಮೇಡಂ. ಚೆನ್ನಾಗೇ ಓದಿದರು ಪಾಪ. ಕೆಂಪು ಎಲೆ, ಹಳದಿ ಎಲೆ, ಗಾಳಿಗೆ ತೇಲ್ತಾ ಬೀಳೋ ಎಲೆ. ಓದಿ ಮುಗಿಸಿ ಪುಸ್ತಕ ಎದೆಗೊತ್ಕೊಂಡು ಕೇಳಿದರು: "ಎಲೆ ಬಿದ್ದಾಗ ನಿಮಗೆಲ್ಲ ಏನನ್ಸುತ್ತೆ?"

ನಾಲ್ಕನೇ ಕ್ಲಾಸಿನ ಒಂದು ಹುಡುಗಿ ಕೈ ಎತ್ತಿದಳು. ಯಾದಗಿರಿ ಕಡೆಯವಳು. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಅಪಾರ್ಟ್‌ಮೆಂಟಲ್ಲಿ ಹೌಸ್‌ಕೀಪಿಂಗ್. ಮಾತು ಶುರು ಮಾಡಿದ್ರೆ ಬೆಲ್ ಹೊಡೆದರೂ ನಿಲ್ಲಿಸದ ಗಿರಾಕಿ.

"ಭಾಳ ಸಿಟ್ಟ್ ಬರ್ತದ್ರಿ ಮೇಡಂ. ನಮ್ಮವ್ವ ಬೆಳಿಗ್ಗಿ ಕಸ ಹೊಡದ್ ಹೋಗಿರ್ತಾಳ್ರಿ, ಮತ್ತ ಬೀಳ್ತಾವು. ಮ್ಯಾಲಿನ ಮನಿಯಾಕಿ ಯಾರೋ ಫೋನ್‌ನ್ಯಾಗ ಫೋಟೋ ಹೊಡದ್ ಹಾಕ್ತಾಳಂತ್ರಿ. ಸೂಪ್ರವೈಜರ್ ಅವ್ವಗ ಬೈತಾನ್ರಿ."

"ಅಯ್ಯೋ, ಎಂಥಾ ಜನ! ಯಾವ ಅಪಾರ್ಟ್‌ಮೆಂಟ್ ಪುಟ್ಟಾ?"

ಹುಡುಗಿ ಹೆಸರು ಹೇಳಿದಳು. ಮೇಡಂ ಪುಸ್ತಕ ಡಬ್ಬಕ್ಕೆ ಹಾಕಿದರು. ನೀರಿನ ಬಾಟಲಿ ತೆಗೆದು ಅರ್ಧ ಕುಡಿದರು. ಆಮೇಲೆ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಸಾರ್, ಈ ಕತೆ ಬೇಡ. ಬೇರೆ ಸೀಸನ್ ಓದ್ಲಾ?" ಅಂದರು.

ಫೋಟೋ

ಮಳೆಗಾಲದ ಡಬ್ಬದಲ್ಲಿ ಒಂದು ಪವಾಡ ಇತ್ತು. ಕನ್ನಡ ಪುಸ್ತಕ! ನಾಲ್ಕೂ ಡಬ್ಬ ಸೇರಿಸಿ ಕನ್ನಡದ್ದು ಅದೊಂದೇ. ಮಳೆ ರಾತ್ರೀಲಿ ದಾರಿ ತಪ್ಪಿದ ಹುಲಿಯೊಂದು ಅಜ್ಜಿಯ ಬಾವಿಗೆ ಬೀಳುತ್ತೆ. ಬೆಳಿಗ್ಗೆ ಅಜ್ಜಿ ನೀರು ಸೇದೋಕೆ ಹಗ್ಗ ಬಿಡ್ತಾಳೆ, ಕೊಡದ ಬದಲು ಹುಲಿ ಹಗ್ಗ ಹಿಡ್ಕೊಳ್ಳುತ್ತೆ. ಅಜ್ಜಿ ಎಳೀಬೇಕಾ, ಬಿಡಬೇಕಾ?

ಟೀ ಶರ್ಟ್ ಹುಡುಗ ಅದನ್ನ ಯಾದಗಿರಿ ಹುಡುಗಿ ಕೈಗೆ ಕೊಟ್ಟು ಕಿಟಕಿ ಬೆಳಕಲ್ಲಿ ಕೂರಿಸಿದ. ಅಷ್ಟು ಹೊತ್ತಿಗೆ ನಮ್ಮ ಮಕ್ಕಳು ಫೋಟೋಗೆ ಪಳಗಿಬಿಟ್ಟಿದ್ರು. ಕ್ಯಾಮೆರಾ ಕಂಡ ತಕ್ಷಣ ಬೆನ್ನು ನೆಟ್ಟಗೆ, ಬೆರಳು ಸಾಲಿನ ಮೇಲೆ, ಹುಬ್ಬು ಮೇಲಕ್ಕೆ. "ಅಣ್ಣ, ನಗ್ಬೇಕಾ, ಆಶ್ಚರ್ಯ ಪಡ್ಬೇಕಾ?" ಅಂತ ಅವರೇ ಕೇಳ್ತಿದ್ರು.

ಈ ಹುಡುಗಿ ಮಾತ್ರ ಏನೂ ಕೇಳಲಿಲ್ಲ, ತಲೆ ಎತ್ತಲೂ ಇಲ್ಲ. ಓದ್ತಿದ್ದಳು.

"ಪುಟ್ಟಾ, ಓದೋ ಥರ ಕಾಣ್ತಿಲ್ಲ, ಸ್ವಲ್ಪ ಆಕ್ಟ್ ಮಾಡು" ಅಂದ ಹುಡುಗ.

ಫೋಟೋ ಮುಗೀತು. ಹುಡುಗ ಪುಸ್ತಕಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.

"ಹುಲಿ ಇನ್ನೂ ಬಾವ್ಯಾಗೇ ಐತ್ರಿ!"

"ಗೊತ್ತಮ್ಮ. ಆದ್ರೆ ಇವತ್ತೇ ಪಕ್ಕದ ಹೂಡಿ ಊರಿನ ಸ್ಕೂಲಲ್ಲೂ ಫೋಟೋ ಇದೆ. ಕನ್ನಡ ಬುಕ್ ಇರೋದು ಇದೊಂದೇ."

"ಮತ್ತ ಯಾವಾಗ ಬರ್ತೀರಿ?"

"ಮುಂದಿನ ವರ್ಷ."

"ಅಲ್ಲೀತನ ಅದು ಹಗ್ಗ ಹಿಡ್ಕೊಂಡೇ ನಿಂದರ್ಬೇಕೇನ್ರಿ?"

ಹುಡುಗ ನನ್ನ ಕಡೆ ನೋಡಿದ. ನಾನು ಗಣಿತದ ಮೇಷ್ಟ್ರು, ಮುಂದಿನ ವರ್ಷಕ್ಕೆ ಎಷ್ಟು ದಿನ ಅಂತ ಲೆಕ್ಕ ಹಾಕಿದೆ.

ಹುಲಿ

ಪರೀಕ್ಷೆ ಹತ್ತಿರ ಬಂತು, ರಜೆಯೂ ಹತ್ತಿರ ಬಂತು. ಅಧ್ಯಕ್ಷರು ಟೇಪ್ ಹಿಡ್ಕೊಂಡು ಲೈಬ್ರರಿಗೆ ಬಂದೇಬಿಟ್ಟರು. ಆಫೀಸಿಗೆ ಟೇಬಲ್ ಮಾಡಿಸೋಕೆ ಅಳತೆ ಬೇಕಿತ್ತು. ಬೀರುವಿಗೆ ಎಂದಿನ ಹಾಗೆ ಬೀಗ ಹಾಕಿತ್ತು. ಅದಕ್ಕೆ ಬೆನ್ನು ಕೊಟ್ಟು ಕೂತ ಯಾದಗಿರಿ ಹುಡುಗಿ ಕ್ಲಾಸಿಗೆಲ್ಲ ಹುಲಿ ಕತೆ ಹೇಳ್ತಿದ್ದಳು. ಪುಸ್ತಕ ಇಲ್ಲ, ಎಲ್ಲಾ ಬಾಯಲ್ಲೇ. ಹುಲಿ ಗುಡುಗಿದ ಹಾಗೆ ಗುಡುಗ್ತಿದ್ದಳು, ಅಜ್ಜಿ ಕೆಮ್ಮಿದ ಹಾಗೆ ಕೆಮ್ಮುತ್ತಿದ್ದಳು.

"ಮೇಷ್ಟ್ರೇ, ಆ ತುದಿ ಇಡ್ಕಳಿ" ಅಂತ ಅಧ್ಯಕ್ಷರು ಟೇಪಿನ ತುದಿ ನನಗೆ ಕೊಟ್ಟರು. ಅರ್ಧ ರೂಮು ಎಳೆದುಕೊಂಡು ಹೋದವರು ಅಲ್ಲೇ ನಿಂತರು. ನಿಂತವರು ಕೂತರು. ನಾನು ತುದಿ ಹಿಡ್ಕೊಂಡೇ ಇದ್ದೆ, ಬಾವಿ ಹುಲಿ ಥರ.

ಹುಡುಗಿ ನಿಲ್ಲಿಸಿದಳು.

"ಆಮ್ಯಾಕೆ?" ಅಂದರು ಅಧ್ಯಕ್ಷರು.

"ಗೊತ್ತಿಲ್ರಿ. ಬುಕ್ ಒಯ್ದಾರ್ರಿ."

"ಗೊತ್ತಿಲ್ಲ ಅಂದ್ರೆ ಎಂಗಮ್ಮಿ? ಮುದ್ಕಿ ಎಳುದ್ಲಾ, ಬುಟ್ಲಾ?"

"ಅದೇ ಗೊತ್ತಿಲ್ರಿ."

ಅಧ್ಯಕ್ಷರ ಮುಖ ಕೆಂಪಾಯ್ತು. ಜನ್ಮದಲ್ಲಿ ಯಾರೂ ಅವರಿಗೆ ಅರ್ಧ ಹೇಳಿ ನಿಲ್ಲಿಸಿರಲಿಲ್ಲ. "ಯಾವನ್ ಅವ್ನು ಬುಕ್ ಎತ್ಕಂಡ್ ಓಗಿರೋನು?"

ನಾನು ಫೋನಲ್ಲಿ ಟೀ ಶರ್ಟ್ ಹುಡುಗನ ಫೋಟೋ ತೋರಿಸಿದೆ. ಅಧ್ಯಕ್ಷರು ಝೂಮ್ ಮಾಡಿದರು.

"ಏಯ್, ಇವ್ನು ನಮ್ ಮೂರ್ನೇ ಪ್ಲೋರ್ ಉಡ್ಗ!" ಅಂದವರೇ ಪಿಜಿ ಮೇನೇಜರ್‌ಗೆ ಫೋನ್ ಹಚ್ಚಿದರು. "ಮೂರ್ನೇ ಪ್ಲೋರ್‌ಗೆ ಬಿಸ್ನೀರ್ ಬಂದ್ ಮಾಡು. ಯಾಕೆ ಅಂದ್ರೆ, ಉಲಿ ಬಾವೀಲೈತೆ ಅಂತೇಳು."

ಮಾರನೇ ದಿನ ಪ್ರಾರ್ಥನೆಗೂ ಮುಂಚೆ ಹುಡುಗ ಗೇಟಲ್ಲಿ ನಿಂತಿದ್ದ. ತಲೆ ಒದ್ದೆ, ಹಲ್ಲು ಕಟಕಟ. "ಸಾರ್, ಬುಕ್ ತಗೊಳ್ಳಿ. ಇಡೀ ಫ್ಲೋರಿನವರು ನನ್ನನ್ನ ಹುಡುಕ್ತಿದಾರೆ."

ಅಧ್ಯಕ್ಷರು ಮುಂದಿನ ಸಾಲಲ್ಲಿ, ಮಕ್ಕಳ ಬೆಂಚಲ್ಲಿ, ಮಂಡಿ ಎದೆಗೆ ಬರೋ ಹಾಗೆ ಕೂತರು. ಹುಡುಗಿ ಓದಿದಳು. ಹಗ್ಗ ಬಿಗಿಯಾಯ್ತು. ಅಜ್ಜಿ ಬಾವಿಕಟ್ಟೆಗೆ ಕಾಲು ಕೊಟ್ಟಳು. ಹುಡುಗಿ ಕೊನೇ ಪುಟ ತಿರುಗಿಸಿದಳು.

ಕೊನೇ ಪುಟದಲ್ಲಿ ಕಂಪನಿಯ ಸ್ಟಿಕರ್ ಇತ್ತು. ದೊಡ್ಡ ಲೋಗೋ, ಕೆಳಗೆ "ಮಕ್ಕಳ ಕನಸುಗಳಿಗೆ ನಮ್ಮ ಪುಟ್ಟ ಕೊಡುಗೆ". ಕತೆಯ ಕೊನೇ ಸಾಲುಗಳು ಆ ಕೊಡುಗೆಯ ಕೆಳಗೆ.

"ಯಾಕಪ್ಪಾ ಇಲ್ ಅಂಟಿಸ್ದೆ?" ಅಂದೆ.

"ನಾಲ್ಕೇ ಲೈನ್ ಇತ್ತು ಸಾರ್. ಖಾಲಿ ಜಾಗ ಅನ್ಸ್ತು."

"ನೀನ್ ಓದಿದ್ಯಾ ಅದನ್ನ?"

"ಅಂಟಿಸೋ ಟೈಮಲ್ಲಿ ಓದೋಕಾಗುತ್ತಾ ಸಾರ್?"

ಕೀಳೋಕೆ ನೋಡಿದ್ವಿ. ಸ್ಟಿಕರ್ ಬಂತು, ಜೊತೆಗೆ ಪುಟದ ತೊಗಟೆಯೂ ಬಂತು. ಕಂಪನಿಯವರ ಕೆಲಸದಲ್ಲಿ ಗಟ್ಟಿಯಾಗಿದ್ದದ್ದು ಆ ಗಮ್ ಒಂದೇ.

ಆಗ ಒಬ್ಬ ಎದ್ದು, "ಅಜ್ಜಿ ಎಳೆದ್ಳು ಸಾರ್, ಹುಲಿ ಥ್ಯಾಂಕ್ಸ್ ಹೇಳ್ತು" ಅಂದ.

"ತಿನ್ನಾಕಿಲ್ವಾ? ಉಲಿ ಎಲ್ಲಾದ್ರೂ ತ್ಯಾಂಕ್ಸ್ ಯೋಳ್ತದಾ? ಕೂತ್ಕೋ" ಅಂದರು ಅಧ್ಯಕ್ಷರು. ಇನ್ನೊಬ್ಬಳು ಅಜ್ಜಿ ಹಗ್ಗ ಕುಯ್ದಳು ಅಂದಳು. ಅದೂ ಫೇಲು. "ಪಾಪ ಕಣವ್ವ, ಅದೂ ಜೀವಾನೇ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಹೆಡ್ ಮೇಡಂ ಕಡೆ ತಿರುಗಿದರು. "ಮೇಡಂ, ಆ ಬೀರು ತಗೀರಿ. ಉಲಿ ಇರೋ ಬುಕ್ಕೆಲ್ಲಾ ಈ ಐಕ್ಳಿಗ್ ಕೊಡಿ. ಉಲಿ ಬುದ್ಧಿ ಎಂಗಿರ್ತದೆ ಅಂತ ಓದ್ಲಿ, ಆಮ್ಯಾಕ್ ಸರ್ಯಾಗ್ ಯೋಳ್ಲಿ. ನಾಳೆ ಬತ್ತೀನಿ."

ಮೇಡಂ ವ್ಯಾನಿಟಿ ಬ್ಯಾಗಿಂದ ಕೀ ತೆಗೆದರು. ಹುಲಿ ಪುಸ್ತಕ ಯಾವುದು ಅಂತ ಹೊರಗಿಂದ ಹೇಗೆ ಗೊತ್ತಾಗುತ್ತೆ? ಎಲ್ಲಾ ಪುಸ್ತಕಾನೂ ಬಿಡಿಸಿ ನೋಡ್ಬೇಕಾಯ್ತು. ಆಮೇಲೆ ಬೀರು ಮುಚ್ಚೋಕೇ ಆಗಲಿಲ್ಲ. ಪುಸ್ತಕಗಳು ಸಂತೋಷವಾಗಿ ಹಳೇದಾಗೋಕೆ ಶುರುವಾದವು.

ಅಧ್ಯಕ್ಷರು ನಾಳೆ ಬಂದರು, ನಾಡಿದ್ದೂ ಬಂದರು. ದಿನಕ್ಕೊಂದು ಕೊನೆ ಕೇಳೋದು, ತಲೆ ಅಲ್ಲಾಡಿಸೋದು, ಹೋಗೋದು. ರಜಾ ಬಿಡೋ ದಿನ ನಾನೇ ಧೈರ್ಯ ಮಾಡಿ ಕೇಳಿದೆ: "ಸಾರ್, ರೂಮು ಖಾಲಿ ಮಾಡ್ಲಾ?"

"ಯಾವ್ ರೂಮ್ರೀ? ಮೊದ್ಲು ಉಲಿ ವಿಸ್ಯ ಇತ್ಯರ್ಥ ಆಗ್ಲಿ. ಅಲ್ಲೀಗಂಟ ಒಂದ್ ಕುರ್ಚೀನೂ ಅಳ್ಳಾಡ್ಸ್‌ಬ್ಯಾಡಿ." ಆಮೇಲೆ ಎದ್ದು ನಿಂತು ಗಂಟಲು ಸರಿಮಾಡ್ಕೊಂಡರು. "ನಾನೇ ಒಂದ್ ಯೋಚ್ನೆ ಮಾಡಿವ್ನಿ. ಬಾವಿ ಯಾರ್ದು? ಮುದ್ಕೀದು. ಉಲಿ ಎಷ್ಟ್ ದಿನ್ದಿಂದ ಐತೆ ಅದ್ರಾಗೆ? ಮುದ್ಕಿ ಎಳೀಲೂ ಬ್ಯಾಡ, ಬುಡ್ಲೂ ಬ್ಯಾಡ. ಇದ್ದಂಗೇ ಇರ್ಲಿ ಉಲಿ. ತಿಂಗ್ಳಾ ತಿಂಗ್ಳಾ ಬಾಡ್ಗೆ ಇಸ್ಕಳ್ಲಿ!"

ಹೆಡ್ ಮೇಡಂ ಚಪ್ಪಾಳೆ ತಟ್ಟಿದರು. ಯಾದಗಿರಿ ಹುಡುಗಿ ಮಾತ್ರ ಕೈ ಎತ್ತಿದಳು.

"ಹುಲಿ ಬಾಡಿಗಿ ಕೊಡ್ಲಿಲ್ಲಂದ್ರ ಏನ್ ಮಾಡಾದ್ರಿ?"

ಅಧ್ಯಕ್ಷರು ಬಾಯಿ ತೆಗೆಯೋಕೆ ಮುಂಚೆ ಶೀಟ್ ರೂಮಿನ ಮಕ್ಕಳೆಲ್ಲ ಒಂದೇ ದನೀಲಿ ಕೂಗಿದರು:

"ನೀರ್ ಬಂದ್!"